ಏನೂ ಗೊತ್ತಾಗುವುದಿಲ್ಲ ಎಂದು ಕೊಟ್ಟ ಮಾತು

ನಾನು ಮಲಗಿಸಿದ ರೋಗಿಗಳಲ್ಲಿ ಬಹಳ ಜನಕ್ಕೆ ನನ್ನ ಮುಖ ನೆನಪಿಲ್ಲ. ನನ್ನ ವೃತ್ತಿಯೇ ಅಂಥದ್ದು. ಹೊಟ್ಟೆ ಕೊಯ್ದ ಸರ್ಜನ್ ಎದುರಾದರೆ ಕಲಬುರಗಿಯ ನೆಹರು ಗಂಜ್ ಪೇಟೆಯ ವ್ಯಾಪಾರಿಗಳು ಗಾದಿಯಿಂದ ಎದ್ದು ನಮಸ್ಕಾರ ಮಾಡುತ್ತಾರೆ. ಪಕ್ಕದಲ್ಲಿ ನಡೆದು ಬರುವ ನನ್ನನ್ನು ಯಾರೋ ನರ್ಸಮ್ಮ ಇರಬೇಕು ಅಂದುಕೊಳ್ಳುತ್ತಾರೆ. ಇವರ ಎಚ್ಚರ ತಪ್ಪಿಸಿದ್ದು ನಾನು, ತಿರುಗಿ ಎಚ್ಚರಕ್ಕೆ ತಂದದ್ದೂ ನಾನೇ ಎಂದು ಬಾಯಿಬಿಟ್ಟು ಹೇಳಿಕೊಳ್ಳಲಿಕ್ಕೆ ಆಗುತ್ತದೆಯೇ? ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ರೂಢಿಯಾಯಿತು. ಕೊನೆಕೊನೆಗೆ ಅದೇ ಹಾಯೆನಿಸಿತು.

ಒಬ್ಬರು ಮಾತ್ರ ನನ್ನನ್ನು ಮರೆಯಲಿಲ್ಲ. ಪಕ್ಕದ ಕಮಲಾಪುರದ ಖಾಸಿಂಸಾಬ್, ಸರ್ಕಾರಿ ಬಸ್ಸಿನ ಡ್ರೈವರ್. ವರ್ಷಗಟ್ಟಲೆ ಅವರು ನನ್ನನ್ನು ಕಂಡಲ್ಲೆಲ್ಲ ನಿಲ್ಲಿಸಿ ನಾಲ್ಕು ಜನರ ಮುಂದೆ ಹೊಗಳಿದರು. ಆ ಹೊಗಳಿಕೆಗೆ ಅಂಜಿ ನಾನು ಕಮಲಾಪುರದ ಕಡೆ ಹೋಗುವುದನ್ನೇ ಕಡಿಮೆ ಮಾಡಿದ್ದೆ.

ಈಗ ನಿವೃತ್ತಳಾಗಿ ಐವಾನ್-ಎ-ಶಾಹಿ ಬಡಾವಣೆಯ ಮನೆಯಲ್ಲಿ ಗಿಡಗಳಿಗೆ ನೀರು ಹಾಕಿಕೊಂಡು ಇದ್ದೇನೆ. ಅರಿವಳಿಕೆ ಕಲಿಯುತ್ತಿರುವ ಎಳೆಯ ಡಾಕ್ಟರುಗಳು ಭಾನುವಾರ ಒಮ್ಮೊಮ್ಮೆ ಬರುತ್ತಾರೆ. "ಮೇಡಂ, ಹೃದಯದ ಬಡಿತ ಸರಿಪಡಿಸುವ ಅಬ್ಲೇಷನ್‌ಗೆ ಯಾವ ಅರಿವಳಿಕೆ ಒಳ್ಳೆಯದು?" ಎಂದು ಕೇಳುತ್ತಾರೆ. ಔಷಧದ ಹೆಸರು ಬೇಕಾದರೆ ಪುಸ್ತಕದಲ್ಲಿದೆ, ನನಗಿಂತ ಚೆನ್ನಾಗಿಯೇ ಬರೆದಿದ್ದಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಲು ಹೊರಟರೆ ಖಾಸಿಂಸಾಬರ ಕಥೆ ಹೇಳಬೇಕಾಗುತ್ತದೆ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಅದು ಮುಗಿಯುವುದಿಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಎಂಬತ್ತರ ದಶಕದಲ್ಲಿ. ಆಗ ನಮ್ಮ ಊರು ಎಲ್ಲರ ಬಾಯಲ್ಲೂ ಗುಲಬರ್ಗಾ. ಕಲಬುರಗಿ ಎನ್ನುತ್ತಿದ್ದವರು ಹಳ್ಳಿಯವರು ಮತ್ತು ನಮ್ಮ ಅಜ್ಜಿ. ಸರ್ಕಾರಿ ದವಾಖಾನೆಯ ಆಪರೇಷನ್ ಥಿಯೇಟರಿನಲ್ಲಿ ಎಚ್ಚರ ತಪ್ಪಿಸುವ ಈಥರ್ ವಾಸನೆ ಗೋಡೆಗೇ ಹತ್ತಿಕೊಂಡಿತ್ತು. ಮನೆಗೆ ಬಂದು ತಲೆಗೆ ಎರೆದುಕೊಂಡರೂ ಸೀರೆಯ ಸೆರಗಿನಲ್ಲಿ ಅದು ಉಳಿದಿರುತ್ತಿತ್ತು. ಮಾನಿಟರ್ ಎಂಬ ವಸ್ತು ಇರಲಿಲ್ಲ. ರೋಗಿಯ ತಲೆಯ ಹತ್ತಿರ ಸ್ಟೂಲಿನ ಮೇಲೆ ಕುಳಿತು, ಒಂದು ಕೈಯಿಂದ ಉಸಿರಿನ ಚೀಲ ಒತ್ತುತ್ತ, ಇನ್ನೊಂದು ಕೈಯ ಬೆರಳನ್ನು ಕಿವಿಯ ಮುಂದಿನ ನಾಡಿಯ ಮೇಲೆ ಇಟ್ಟುಕೊಂಡರೆ ಅದೇ ನಮ್ಮ ಮಾನಿಟರ್. ಆ ಬೆರಳು ಎತ್ತುವ ಹಾಗಿರಲಿಲ್ಲ.

ನನ್ನ ಹಿರಿಯರು ಕುಲಕರ್ಣಿ ಸರ್. ಸಣಕಲು ಮನುಷ್ಯ, ಗಂಟಲು ಮಾತ್ರ ದೊಡ್ಡದು. ತಪ್ಪು ಮಾಡಿದರೆ ರೋಗಿಯ ಮುಂದೆ ಒಂದು ಮಾತೂ ಆಡದೆ, ಹೊರಗೆ ಕಟ್ಟೆಯ ಮೇಲೆ ಕೂಡಿಸಿ ಬೆಂಡೆತ್ತುತ್ತಿದ್ದರು. ನನಗೆ ಅವರ ಮೇಲೆ ಭಯ ಇತ್ತು, ಅದಕ್ಕಿಂತ ಹೆಚ್ಚು ಪ್ರೀತಿ ಇತ್ತು.

ಈಥರ್ ಹೋಗಿ ಹ್ಯಾಲೋಥೇನ್ ಎಂಬ ಗ್ಯಾಸು ಬಂದ ಹೊಸದರಲ್ಲಿ ನಡೆದದ್ದು ಇದು. ಒಬ್ಬ ಹೆಣ್ಣುಮಗಳಿಗೆ ಕುತ್ತಿಗೆಯ ಗಂಟು ತೆಗೆಯುವ ಆಪರೇಷನ್. ರಕ್ತ ಕಡಿಮೆ ಹರಿಯಲಿ ಎಂದು ಸರ್ಜನ್ ಗಂಟಿನ ಸುತ್ತ ಅಡ್ರಿನಲಿನ್ ಚುಚ್ಚಿದರು. ನಮಗೆ ಒಂದು ಮಾತು ಹೇಳಲಿಲ್ಲ. ಹ್ಯಾಲೋಥೇನ್ ಕುಡಿದ ಹೃದಯಕ್ಕೆ ಅಡ್ರಿನಲಿನ್ ಸೇರಿದರೆ ಬಡಿತ ಚೆಲ್ಲಾಪಿಲ್ಲಿಯಾಗುತ್ತದೆ ಎಂದು ನಾನು ಓದಿದ್ದೆ. ಬೆರಳಿಗೆ ಅದು ಹೇಗೆ ತಿಳಿಯುತ್ತದೆ ಎಂದು ಗೊತ್ತಿರಲಿಲ್ಲ. ನಾಡಿ ಒಮ್ಮೆಲೆ ತಪ್ಪತೊಡಗಿತು. ನಾನು ಬಾಯಿ ತೆರೆಯುವ ಮೊದಲೇ ಕುಲಕರ್ಣಿ ಸರ್ ಹಿಂದಿನಿಂದ ಬಂದು ಗ್ಯಾಸ್ ಬಂದ್ ಮಾಡಿ, ಚೀಲ ತಮ್ಮ ಕೈಗೆ ತೆಗೆದುಕೊಂಡರು. "ಕೈ ತಗೀರಿ ಡಾಕ್ಟ್ರೆ, ಸೂಜಿ ಹೊರಗ" ಎಂದು ಸರ್ಜನ್ನರಿಗೂ ಗದರಿದರು. ಸ್ವಲ್ಪ ಹೊತ್ತಿನಲ್ಲಿ ನಾಡಿ ಹಳಿಗೆ ಬಂತು. ಆ ಹೆಣ್ಣುಮಗಳು ಬದುಕಿದಳು.

"ಹೃದಯ ಎಬ್ಬಸೋದು ನಮ್ಮ ಕೆಲಸ ಅಲ್ಲವ್ವಾ. ಅದನ್ನ ಮಲಗಿಸಿ ಇಡು, ಶಾಂತ ಇಡು. ಅಷ್ಟ ನಿನ್ನ ಕೆಲಸ" ಎಂದು ಕಟ್ಟೆಯ ಮೇಲೆ ಕೂಡಿಸಿ ಹೇಳಿದರು. ಆ ಪಾಠ ನನಗೆ ಎಷ್ಟು ಆಳಕ್ಕೆ ಇಳಿಯಿತೆಂದರೆ ಮುಂದೆ ಅದನ್ನು ಮರೆಯಬೇಕಾದ ದಿನ ಬಂದಾಗಲೂ ಮರೆಯಲು ಆಗಲಿಲ್ಲ.

ಇನ್ನೊಂದು ಪಾಠ ಕಮಲಾಪುರದಲ್ಲಿ ಆಯಿತು. ಆ ಕಾಲದಲ್ಲಿ ಊರೂರಿಗೆ ಸಂತಾನ ಹರಣ ಚಿಕಿತ್ಸೆಯ ಕ್ಯಾಂಪು ನಡೆಯುತ್ತಿತ್ತು. ಜೀಪಿನಲ್ಲಿ ಸಿಲಿಂಡರ್, ಡ್ರಮ್ಮು, ಒಲೆ ಎಲ್ಲ ಹೇರಿಕೊಂಡು ಹೋಗುತ್ತಿದ್ದೆವು. ಕಮಲಾಪುರದ ಶಾಲೆಯ ಕೋಣೆಯಲ್ಲಿ ಬೆಂಚು ಜೋಡಿಸಿ ಮೇಜು ಮಾಡಿದ್ದರು. ಹೊರಗೆ ಬೇವಿನ ಗಿಡದ ಕೆಳಗೆ ಹೆಣ್ಣುಮಕ್ಕಳು ಸಾಲಾಗಿ ಕುಳಿತಿದ್ದರು. ಡಾಕ್ಟರಮ್ಮನಾದ ನನ್ನನ್ನು ಎಲ್ಲರೂ ಬಾಯಾರು ಎಂದು ಕರೆಯುತ್ತಿದ್ದರು. ಅವರಿಗೆ ಪೂರ್ತಿ ಎಚ್ಚರ ತಪ್ಪಿಸುತ್ತಿರಲಿಲ್ಲ. ಮಂಪರಿನ ಒಂದು ಸೂಜಿ, ಹೊಕ್ಕುಳ ಹತ್ತಿರ ಮರಗಟ್ಟಿಸುವ ಒಂದು ಸೂಜಿ. ಮಂಪರು ಹತ್ತಲು ಸ್ವಲ್ಪ ಹೊತ್ತು ಬೇಕು. ಸರ್ಜನ್ನರಿಗೆ ಅವಸರ. ನಾನು ಸಾಲಿನ ಉದ್ದಕ್ಕೂ ಸೂಜಿ ಕೊಡುತ್ತ, ಪ್ರತಿಯೊಬ್ಬಳ ತಲೆ ನೇವರಿಸಿ "ಏನೂ ಗೊತ್ತಾಗಂಗಿಲ್ಲವ್ವಾ, ಅಂಜಬ್ಯಾಡ" ಎಂದು ಹೇಳುತ್ತ ಹೋದೆ. ಹೇಳಿ ಹೇಳಿ ಬಾಯಿಪಾಠವಾಗಿತ್ತು.

ಸಿದ್ದಮ್ಮ ಎಂಬಾಕೆ ಮೇಜಿನ ಮೇಲೆ ಒಂದು ಮಾತೂ ಆಡಲಿಲ್ಲ. ಸೆರಗು ಬಾಯಲ್ಲಿ ಕಚ್ಚಿಕೊಂಡು ಮಲಗಿದ್ದಳು. ಮಂಪರು ಚೆನ್ನಾಗಿ ಹತ್ತಿದೆ ಎಂದೇ ನಾನು ತಿಳಿದೆ. ಸಂಜೆ ಜೀಪು ಹತ್ತುವ ಮುನ್ನ ಎಲ್ಲರನ್ನೂ ಒಮ್ಮೆ ನೋಡಲು ಹೋದಾಗ ಅವಳು ನನ್ನ ಕೈ ಹಿಡಿದಳು.

"ಏನೂ ಗೊತ್ತಾಗಂಗಿಲ್ಲ ಅಂದಿದ್ರಿ ಬಾಯಾರ. ನಂಗ ಎಲ್ಲಾ ಗೊತ್ತಾತ್ರಿ."

"ಮತ್ತ ಯಾಕ ಒದರಲಿಲ್ಲವ್ವಾ?"

"ನೀವು ಗೊತ್ತಾಗಂಗಿಲ್ಲ ಅಂದಿದ್ರೆಲ್ರಿ. ಗೊತ್ತಾಗೋದು ನಂದ ತಪ್ಪು ಅಂದ್ಕೊಂಡಿನಿ."

ಜೀಪಿನಲ್ಲಿ ನಾನು ಅಳುವುದನ್ನು ನೋಡಿ ಕುಲಕರ್ಣಿ ಸರ್ ತಮ್ಮ ಕರವಸ್ತ್ರ ಕೊಟ್ಟರು. ಆಮೇಲೆ ಹೇಳಿದರು: "ಮಾತು ಸಸ್ತಾ ಮಾಡಬ್ಯಾಡ. ಕೊಟ್ಟಿ ಅಂದ್ರ ಪೂರಾ ಉಳಸ್ಕೋಬೇಕು. ನಮ್ಮ ಹತ್ರ ಬರಾವರಿಗೆ ಬ್ಯಾರೆ ಏನದ? ನಮ್ಮ ಮಾತೊಂದ ಅದ." ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಆಪರೇಷನ್ನಿನ ಹಿಂದಿನ ಸಂಜೆ ಪ್ರತಿಯೊಬ್ಬ ರೋಗಿಯ ಮಂಚದ ಹತ್ತಿರ ಹೋಗಿ ಕೂರುವುದು, ಅವರ ಅಂಜಿಕೆ ಏನೆಂದು ಕೇಳುವುದು, ಮಾತು ಕೊಡುವುದು. ಮಾತು ಕೊಟ್ಟ ಮೇಲೆ ಏನೇ ಆಗಲಿ ಅದರಂತೆ ನಡೆಯುವುದು. ದವಾಖಾನೆಯಲ್ಲಿ ಇದಕ್ಕೆ ನನಗೆ ಒಳ್ಳೆಯ ಹೆಸರು ಬಂತು. ನಾನೂ ಸ್ವಲ್ಪ ಉಬ್ಬಿದೆ ಅನ್ನಬೇಕು.

ಕಾಲ ಬದಲಾಯಿತು. ಬೆರಳ ತುದಿಗೆ ಸಿಕ್ಕಿಸಿದರೆ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಯಂತ್ರ ಬಂತು. ಹಾಲಿನ ಬಣ್ಣದ ಪ್ರೊಪೊಫಾಲ್ ಬಂತು. ಸೂಜಿ ಏರಿಸುವಷ್ಟರಲ್ಲಿ ನಿದ್ದೆ, ನಿಲ್ಲಿಸಿದರೆ ಬೇಗ ಎಚ್ಚರ, ವಾಂತಿಯೂ ಕಡಿಮೆ. ಹ್ಯಾಲೋಥೇನ್ ಜಾಗಕ್ಕೆ ಐಸೊಫ್ಲೂರೇನ್ ಎಂಬ ಇನ್ನೊಂದು ಗ್ಯಾಸು ಬಂತು. ಕುಲಕರ್ಣಿ ಸರ್ ನಿವೃತ್ತರಾಗಿ ಮಗಳ ಊರಿಗೆ ಹೋದರು. ನಾನು ಸರ್ಕಾರಿ ಕೆಲಸ ಬಿಟ್ಟು, ಊರಲ್ಲಿ ಹೊಸದಾಗಿ ತೆರೆದ ಒಂದು ಖಾಸಗಿ ಹೃದಯದ ಆಸ್ಪತ್ರೆ ಸೇರಿದೆ. ಅದು ಎರಡು ಸಾವಿರದ ಇಸವಿಯ ಈಚೆಗೆ. ಹೈದರಾಬಾದಿನಿಂದ ರಾವ್ ಎಂಬ ಹೃದಯ ತಜ್ಞರು ಆಗಾಗ ಬಂದು ನಮ್ಮಲ್ಲಿ ಅಬ್ಲೇಷನ್ ಮಾಡಲು ಶುರು ಮಾಡಿದರು.

ಅಬ್ಲೇಷನ್ ಎಂದರೆ ಏನು ಎಂದು ಓದುವವರಿಗೆ ಹೇಳಬೇಕು. ಕೆಲವರ ಹೃದಯದೊಳಗೆ ಹುಟ್ಟಿನಿಂದಲೇ ಒಂದು ಹೆಚ್ಚಿನ ಎಳೆ ಇರುತ್ತದೆ. ಬಡಿತದ ವಿದ್ಯುತ್ತು ಒಮ್ಮೊಮ್ಮೆ ಸರಿಯಾದ ದಾರಿ ಬಿಟ್ಟು ಆ ಅಡ್ಡ ಎಳೆಗೆ ನುಗ್ಗಿ, ಗಿರಗಿರನೆ ಸುತ್ತತೊಡಗುತ್ತದೆ. ಆಗ ಹೃದಯ ಹುಚ್ಚೆದ್ದು ಓಡುತ್ತದೆ, ಕಣ್ಣು ಕತ್ತಲೆ ಬರುತ್ತದೆ. ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ತಂತಿಗಳನ್ನು ಹೃದಯಕ್ಕೆ ಹಾಯಿಸಿ, ಆ ಎಳೆ ಎಲ್ಲಿದೆ ಎಂದು ಹುಡುಕಿ, ತಂತಿಯ ತುದಿಯ ಶಾಖದಿಂದ ಸುಟ್ಟುಬಿಟ್ಟರೆ ರೋಗ ಹೋದಂತೆ. ಆದರೆ ಎಳೆ ಕಣ್ಣಿಗೆ ಕಾಣುವುದಿಲ್ಲ. ಎಷ್ಟೋ ಸಲ ಆ ಓಟವನ್ನು ಮೇಜಿನ ಮೇಲೆಯೇ ಬೇಕೆಂದು ಎಬ್ಬಿಸಬೇಕು. ಓಡುತ್ತಿರುವಾಗಲೇ ಅದರ ದಾರಿ ಹಿಡಿಯಬೇಕು.

ಇಲ್ಲೇ ನನ್ನಂಥ ಹಳಬರಿಗೆ ಪೇಚು. ಹೃದಯ ಎಬ್ಬಿಸುವುದು ನಮ್ಮ ಕೆಲಸವಲ್ಲ ಎಂದು ಕಲಿತವಳು ನಾನು. ಇಲ್ಲಿ ಎಬ್ಬಿಸುವುದೇ ಕೆಲಸ. ನಾವು ಕೊಡುವ ಗ್ಯಾಸು, ನಿದ್ದೆಯ ಔಷಧ ಎಲ್ಲವೂ ಹೃದಯವನ್ನು ತಣ್ಣಗೆ ಮಾಡುತ್ತವೆ. ಗಾಢವಾಗಿ ಮಲಗಿಸಿದರೆ ರೋಗಿಯ ಜೊತೆ ರೋಗವೂ ಮಲಗಿಬಿಡಬಹುದು. ಆದ್ದರಿಂದ ದೊಡ್ಡವರಿಗೆ ತೊಡೆಯ ಹತ್ತಿರ ಮರಗಟ್ಟಿಸುವ ಸೂಜಿ ಕೊಟ್ಟು, ಅಂಜಿಕೆ ಹೋಗುವಷ್ಟು ಮಾತ್ರ ಮಂಪರು ಕೊಟ್ಟು, ಎಚ್ಚರ ಇಟ್ಟೇ ಮಾಡುವ ರೂಢಿ ಇತ್ತು. ರಾವ್ ಅವರೂ ಹಾಗೆಯೇ ಕೇಳುತ್ತಿದ್ದರು. "ಮೇಡಂ, ಹಗುರ ಇಡ್ರಿ, ಹಗುರ" ಎಂಬುದು ಅವರ ಮಂತ್ರ. ನಾನು ಕೇಳಿದ್ದೆ, ಓದಿದ್ದೆ, ತಲೆಯಾಡಿಸಿದ್ದೆ. ಆದರೆ ಹೃದಯದೊಳಗೆ ತಂತಿ ಆಡಿಸುವಾಗ ರೋಗಿ ಕಣ್ಣು ಬಿಟ್ಟುಕೊಂಡು ಇರಬೇಕೆಂದರೆ ನನಗೆ ಸಿದ್ದಮ್ಮನ ನೆನಪಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಖಾಸಿಂಸಾಬ್ ಬಂದರು.

ಅವರ ಹೃದಯ ಮೊದಲ ಸಲ ಹಾಗೆ ಓಡಿದ್ದು ವರ್ಷಗಳ ಹಿಂದೆ, ನಾನಿನ್ನೂ ಸರ್ಕಾರಿ ದವಾಖಾನೆಯಲ್ಲಿ ಇದ್ದಾಗ. ಔಷಧಕ್ಕೆ ಬಗ್ಗದೆ, ರಕ್ತದೊತ್ತಡ ಬೀಳತೊಡಗಿತ್ತು. ಎದೆಗೆ ಕರೆಂಟಿನ ಪೆಟ್ಟು ಕೊಟ್ಟು ಬಡಿತ ಸರಿ ಮಾಡಬೇಕಾಯಿತು. ಅದಕ್ಕೆ ಮೊದಲು ಒಂದು ಗಳಿಗೆ ಎಚ್ಚರ ತಪ್ಪಿಸಬೇಕು. ನಾನು ಥಿಯೇಟರಿನಲ್ಲಿ ಒಬ್ಬ ಬಾಣಂತಿಯ ತಲೆಯ ಹತ್ತಿರ ಇದ್ದೆ, ಬಿಟ್ಟು ಬರುವ ಹಾಗಿರಲಿಲ್ಲ. ಕಾಯುವ ಹಾಗೂ ಇರಲಿಲ್ಲ. ಎಚ್ಚರ ಇದ್ದಂತೆಯೇ ಪೆಟ್ಟು ಕೊಟ್ಟರು. ಜೀವ ಉಳಿಯಿತು. ನಾನು ಓಡಿ ಬಂದಾಗ ಅವರು ಮಂಚದ ಕಂಬಿ ಹಿಡಿದುಕೊಂಡು ನಡುಗುತ್ತಿದ್ದರು. ಹೆಂಡತಿ ನೂರಜಹಾನ್ ಅವರ ಪಾದ ತಿಕ್ಕುತ್ತಿದ್ದರು.

ಆಮೇಲೆ ಗುಳಿಗೆ ನುಂಗಿಕೊಂಡು ಅವರು ಬಸ್ಸು ಓಡಿಸುತ್ತಿದ್ದರು. ಕಲಬುರಗಿಯಿಂದ ಕಮಲಾಪುರ ದಾಟಿ ಒಳಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ನಿಲ್ಲುವ ವಸ್ತಿ ಗಾಡಿ ಅವರದು. ಆ ಹಳ್ಳಿಗಳ ಜನ ಬಸ್ಸಿನ ನಂಬರ್ ಹೇಳುತ್ತಿರಲಿಲ್ಲ, 'ಖಾಸಿಂಸಾಬನ ಗಾಡಿ' ಎನ್ನುತ್ತಿದ್ದರು. ಒಂದು ದಿನ ಸ್ಟೇರಿಂಗ್ ಹಿಡಿದಿದ್ದಾಗಲೇ ಓಟ ಶುರುವಾಯಿತು. ಕಣ್ಣು ಕತ್ತಲೆ ಬರುವುದರೊಳಗೆ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಇಳಿಸಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಒರಗಿದರು. ಒಬ್ಬ ಪ್ರಯಾಣಿಕನಿಗೂ ತರಚುಗಾಯ ಆಗಲಿಲ್ಲ. ಆದರೆ ಇಲಾಖೆಯವರು ಅವರನ್ನು ಸ್ಟೇರಿಂಗಿನಿಂದ ಇಳಿಸಿ ಡಿಪೋದಲ್ಲಿ ಕೂಡಿಸಿದರು. ಚಿಕಿತ್ಸೆ ಮಾಡಿಸಿಕೊಂಡು, ರೋಗ ಪೂರ್ತಿ ಹೋಗಿದೆ ಎಂದು ಡಾಕ್ಟರು ಬರೆದು ಕೊಟ್ಟರೆ ಗಾಡಿ ತಿರುಗಿ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಖಾಸಿಂಸಾಬರಿಗೆ ಬೇಕಿದ್ದದ್ದು ಅದೊಂದೇ, ತಮ್ಮ ಗಾಡಿ.

ಹಿಂದಿನ ಸಂಜೆ ನನ್ನ ಪದ್ಧತಿಯಂತೆ ಅವರ ಮಂಚದ ಹತ್ತಿರ ಹೋಗಿ ಕುಳಿತೆ. ಗುರುತು ಹಿಡಿದರು.

"ಆವತ್ತು ಲೇಟಾಗಿ ಬಂದಾವರು ನೀವ ಅಲ್ರಿ ಬಾಯಾರ?"

"ಹೌದು ಖಾಸಿಂಸಾಬ್ರೆ. ಬರ್ಲಾಕ ಆಗ್ಲಿಲ್ಲ."

"ಇರ್ಲಿ ಬಿಡ್ರಿ. ಆದ್ರ ಒಂದು ಮಾತು. ಆವತ್ತಿನ ಪೆಟ್ಟು ಇನ್ನಾ ಎದ್ಯಾಗ ಅದ್ರಿ. ನಿದ್ದಿ ಬರ್ತದ, ಅದೇ ಹೊಡದಂಗಾಗಿ ಎದ್ದು ಕೂಡ್ತೀನಿ. ಈ ಸಲ ನಂಗ ಏನೂ ಗೊತ್ತಾಗಬಾರ್ದು ನೋಡ್ರಿ."

ನೂರಜಹಾನ್ ಬಾಗಿಲಿಗೆ ಒರಗಿ ನಿಂತಿದ್ದರು. "ಹಾಂ ಬಾಯಾರ, ಅವರಿಗೆ ಪೂರಾ ಬೇಹೋಶ್ ಮಾಡ್ರಿ. ದುವಾ ಮಾಡ್ತೀನಿ ನಿಮಗ" ಎಂದರು.

ಎಚ್ಚರ ಇಟ್ಟು ಮಾಡುವುದು ಯಾಕೆ ಲೇಸು ಎಂದು ಅವರಿಗೆ ವಿವರಿಸಿ ಹೇಳಬಹುದಿತ್ತು. ಆವತ್ತು ಕಂಬಿ ಹಿಡಿದು ನಡುಗಿದ ಮನುಷ್ಯನಿಗೆ ಅದನ್ನು ಹೇಳಲು ನನಗೆ ಮನಸ್ಸು ಬರಲಿಲ್ಲ. ಈತ ತಡೆದುಕೊಳ್ಳಲಾರ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಬಿಟ್ಟೆ. ಆವತ್ತು ಲೇಟಾಗಿ ಬಂದದ್ದರ ಸಂಕಟವೂ ಇತ್ತು. "ಏನೂ ಗೊತ್ತಾಗಂಗಿಲ್ಲ ಖಾಸಿಂಸಾಬ್ರೆ. ಇದು ನನ್ನ ಮಾತು" ಎಂದೆ. ಅವರು ಎರಡೂ ಕೈಯಿಂದ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡರು.

ರಾವ್ ಒಪ್ಪಲಿಲ್ಲ. "ಪೂರ್ತಿ ಮಲಗಿಸಿದ್ರ ನನ್ನ ಕೆಲಸ ಕಷ್ಟ ಮೇಡಂ" ಎಂದರು. ಅಂಜಿಕೆಯಿಂದ ಆತ ಮೇಜಿನ ಮೇಲೆ ಎಗರಾಡಿದರೆ ಹೃದಯದೊಳಗಿನ ತಂತಿಯ ಗತಿ ಏನು ಎಂದು ನಾನು ವಾದ ಮಾಡಿದೆ. ಅದೂ ಸುಳ್ಳಲ್ಲ, ಹಾಗೆ ಮಲಗಿಸಿ ಮಾಡುವವರೂ ಬೇಕಾದಷ್ಟು ಜನ ಇದ್ದರು. ವಯಸ್ಸಿನಲ್ಲಿ ನಾನು ಹಿರಿಯಳು. ರಾವ್ ಮಣಿದರು.

ಪ್ರೊಪೊಫಾಲಿನಿಂದ ಮಲಗಿಸಿ, ಗಂಟಲಿಗೆ ನಳಿಗೆ ಹಾಕಿ, ನೋವು ತಡೆಯುವ ಫೆಂಟನಿಲ್ ಕೊಟ್ಟು, ಗ್ಯಾಸಿನ ಮೇಲೆ ಇಟ್ಟೆ. ನನ್ನ ಕೈಯಿಂದ ಅಷ್ಟು ಚಂದದ ಅರಿವಳಿಕೆ ಎಷ್ಟು ಸಲ ಆಗಿದೆಯೋ ಗೊತ್ತಿಲ್ಲ. ಮಾನಿಟರಿನ ಮೇಲೆ ಗೆರೆಗಳು ಒಂದೇ ಸಮನೆ ಹರಿಯುತ್ತಿದ್ದವು. ಖಾಸಿಂಸಾಬರ ಮುಖದಲ್ಲಿ ಒಂದು ಸುಕ್ಕೂ ಇರಲಿಲ್ಲ. ಕುಲಕರ್ಣಿ ಸರ್ ನೋಡಿದ್ದರೆ ಭೇಷ್ ಎನ್ನುತ್ತಿದ್ದರು.

ರಾವ್ ತಂತಿ ಹಾಯಿಸಿ ಹೃದಯವನ್ನು ತಟ್ಟಿ ಎಬ್ಬಿಸಲು ಶುರು ಮಾಡಿದರು. ಬಡಿತ ಏರಿತು, ಇಳಿಯಿತು. ಓಟ ಬರಲಿಲ್ಲ. ಮತ್ತೆ ತಟ್ಟಿದರು, ಬೇರೆ ಜಾಗದಿಂದ ತಟ್ಟಿದರು. ಬಡಿತ ಹೆಚ್ಚಿಸುವ ಔಷಧದ ಹನಿ ಬಿಟ್ಟರು. ಹೃದಯ ಜೋರಾಗಿ ಬಡಿಯಿತು, ಆದರೆ ಹುಚ್ಚೇಳಲಿಲ್ಲ. ದಾರಿ ಬಿಟ್ಟು ಕದಲಲಿಲ್ಲ.

"ಮೇಡಂ, ನಿದ್ದೆ ಕಮ್ಮಿ ಮಾಡ್ರಿ. ಕಳ್ಳ ಹೊರಗ ಬರವಲ್ಲ."

ಗ್ಯಾಸು ಕಡಿಮೆ ಮಾಡಿದೆ. ಸ್ವಲ್ಪ ಹೊತ್ತಿಗೆ ಖಾಸಿಂಸಾಬರ ಹುಬ್ಬು ಗಂಟಾಯಿತು. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಇಳಿಯಿತು. ಬೆರಳುಗಳು ಏನನ್ನೋ ಹಿಡಿಯುವಂತೆ ಆಡಿದವು. ಪರದೆಯ ಮೇಲೆ ಎರಡು ಮೂರು ಬಡಿತ ಅಡ್ಡದಾರಿಗೆ ಹೊರಳಿದವು. "ಹಾಂ, ಹಾಂ, ಬರ್ಲಾಕತ್ತದ, ಹಂಗೇ ಇಡ್ರಿ" ಎಂದು ರಾವ್ ಕೂಗಿದರು. ನನಗೆ ಪರದೆ ಕಾಣಲಿಲ್ಲ. ಆ ಬೆರಳು ಕಂಡವು. ಮಂಚದ ಕಂಬಿ ಹಿಡಿದು ನಡುಗಿದ ಅದೇ ಬೆರಳು. ನನ್ನ ಕೈ ತಾನೇ ಹೋಗಿ ಗ್ಯಾಸು ಏರಿಸಿತು. ಹುಬ್ಬು ಸಡಿಲವಾಯಿತು. ಬಡಿತ ದಾರಿಗೆ ಬಂತು.

ಮತ್ತೆ ಅದು ಬರಲೇ ಇಲ್ಲ. ಬಹಳ ಹೊತ್ತು ನೋಡಿದರು. ಕೊನೆಗೆ ರಾವ್ ತಂತಿಗಳನ್ನು ಹೊರಗೆಳೆದು, ಕೈಗವಸು ತೆಗೆದು, ನನ್ನ ಕಡೆ ನೋಡದೆ ಹೊರಗೆ ಹೋದರು. ಒಂದು ಮಾತು ಬೈದಿದ್ದರೂ ನನಗೆ ಒಳ್ಳೆಯದಿತ್ತು.

ಎಚ್ಚರವಾದ ಮೇಲೆ ಖಾಸಿಂಸಾಬ್ ಕೇಳಿದ ಮೊದಲ ಮಾತು "ಆತೇನ್ರಿ?" ಎಂದು. ರಾವ್ ಮಂಚದ ಹತ್ತಿರ ಬಂದು, "ಈ ಸಲ ಸಿಗಲಿಲ್ಲ. ಇನ್ನೊಮ್ಮೆ ನೋಡಬೇಕಾಗ್ತದ" ಎಂದರು. ಯಾಕೆ ಸಿಗಲಿಲ್ಲ ಎಂದು ಹೇಳಲಿಲ್ಲ. ನನ್ನ ಮರ್ಯಾದೆ ಉಳಿಸಿದರು ಅನ್ನಿಸುತ್ತದೆ. ನಾನಾದರೂ ಹೇಳಬೇಕಿತ್ತು. ಆದರೆ ಎಚ್ಚರ ಇಟ್ಟರೂ ಒಮ್ಮೊಮ್ಮೆ ಓಟ ಬರದೇ ಇರುವುದುಂಟು. ಇದೂ ಹಾಗೆಯೇ ಇರಬಹುದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖಾಸಿಂಸಾಬ್ ನನ್ನ ಕಡೆ ತಿರುಗಿದರು.

"ಆದ್ರ ಏನ ಅನ್ರಿ, ಬಾಯಾರು ಮಾತು ಉಳಿಸ್ಕೊಂಡ್ರು. ನಂಗ ಏನೂ ಗೊತ್ತಾಗ್ಲಿಲ್ರಿ."

ರಾವ್ ಮುಂದಿನ ಸಲ ಊರಿಗೆ ಬಂದಾಗ ಹೇಳಿ ಕಳುಹಿಸಿದೆವು. ಖಾಸಿಂಸಾಬ್ ಬರಲಿಲ್ಲ. ನೂರಜಹಾನ್ ಬಂದರು, ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಹಿಡಿದುಕೊಂಡು. "ಎದಿ ಒಳಗೆಲ್ಲ ತಂತಿ ಹಾಕಿ ಹುಡುಕ್ಯಾರ, ಅಷ್ಟು ದೊಡ್ಡ ಡಾಕ್ಟರಿಗೇ ಸಿಗಲಿಲ್ಲ ಅಂದ ಮ್ಯಾಲ ಅದು ಸಿಗಂಗಿಲ್ಲ, ನಸೀಬದಾಗ ಇಲ್ಲ ಅಂತಾರ್ರಿ" ಎಂದರು. "ಒಮ್ಮೆ ಕರ್ಕೊಂಡು ಬರ್ರಿ, ನಾ ಮಾತಾಡ್ತೀನಿ" ಎಂದೆ. ತಲೆಯಾಡಿಸಿ ಹೋದರು. ಕಮಲಾಪುರ ಎಷ್ಟು ದೂರ? ನಾನೇ ಹೋಗಬಹುದಿತ್ತು. ಇವತ್ತು ಕೆಲಸ, ನಾಳೆ ಕೆಲಸ ಎಂದು ದಿನ ದೂಡಿದೆ. ಅಷ್ಟರಲ್ಲಿ ಇಲಾಖೆಯವರು ತೀರ್ಮಾನ ಮಾಡಿಬಿಟ್ಟರು. ಖಾಸಿಂಸಾಬರನ್ನು ಕಾಯಂ ಆಗಿ ಕಮಲಾಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕೆಲಸಕ್ಕೆ ಹಾಕಿದರು. ಬೇರೆಯವರು ಓಡಿಸುವ ಗಾಡಿಗಳಿಗೆ ಸೀಟಿ ಊದುವ ಕೆಲಸ.

ಎಚ್ಚರ ಇಟ್ಟು ಮಾಡಿಸುವುದನ್ನು ನಾನು ಕಲಿತದ್ದು ಆಮೇಲೆ. ತಾಜಸುಲ್ತಾನಪುರದ ಶಾಲೆಯಲ್ಲಿ ಪಾಠ ಹೇಳುವ ಒಬ್ಬ ಅಕ್ಕೋರು ಬಂದಿದ್ದರು, ಅದೇ ರೋಗ. ಹಿಂದಿನ ಸಂಜೆ ಕುಳಿತು ಎಲ್ಲವನ್ನೂ ಹೇಳಿದೆ. ಸೂಜಿ ಚುಚ್ಚಿದ್ದು ತಿಳಿಯುತ್ತದೆ, ಎದೆ ಓಡುವುದು ತಿಳಿಯುತ್ತದೆ, ಸುಡುವಾಗ ಒಂದಿಷ್ಟು ಉರಿ, ಆಗ ಔಷಧ ಕೊಡುತ್ತೇನೆ, ನಾನು ತಲೆಯ ಹತ್ತಿರವೇ ಇರುತ್ತೇನೆ. ಆಕೆ ಸ್ವಲ್ಪ ಯೋಚಿಸಿ, "ನೀವು ಇರ್ತೀರಿ ಅಂದ್ರ ಆತು ಬಿಡ್ರಿ" ಎಂದರು. ಮೇಜಿನ ಮೇಲೆ ನನ್ನ ಕೈ ಹಿಡಿದುಕೊಂಡು ತಮ್ಮ ಹೆಡ್‌ಮಾಸ್ತರರನ್ನು ಬೈಯುತ್ತ ಮಲಗಿದ್ದರು. ಓಟ ತಕ್ಷಣ ಬಂತು. ರಾವ್ ಅದರ ದಾರಿ ಹಿಡಿದರು, ಸುಟ್ಟರು. ಅಕ್ಕೋರು ಮಾರನೆಯ ದಿನ ನಡೆದುಕೊಂಡು ಮನೆಗೆ ಹೋದರು. ಎಲ್ಲರೂ ಸಂತೋಷಪಟ್ಟರು. ನಾನು ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಳಿತು ಖಾಸಿಂಸಾಬರನ್ನು ನೆನೆದು ಅತ್ತೆ. ಇಷ್ಟೇ ಮಾಡಬೇಕಿತ್ತಲ್ಲ, ಇಷ್ಟೇ.

ಆಮೇಲೆ ಎಷ್ಟೋ ಜನರಿಗೆ ಹಾಗೆಯೇ ಮಾಡಿದೆ. ಮಕ್ಕಳಿಗೆ, ಮೇಜಿನ ಮೇಲೆ ಸುಮ್ಮನೆ ಮಲಗಲು ಆಗದವರಿಗೆ, ಬಹಳ ಹೊತ್ತು ಹಿಡಿಯುವ ಕೆಲಸಕ್ಕೆ ಪೂರ್ತಿ ನಿದ್ದೆಯೇ ಬೇಕು. ಅಲ್ಲಿ ಔಷಧವನ್ನು ಅಳೆದು ತೂಗಿ ಕೊಡಬೇಕು. ಒಂದೇ ಅರಿವಳಿಕೆ ಎಲ್ಲರಿಗೂ ಒಗ್ಗುವುದಿಲ್ಲ. ಎಳೆಯರು ನನ್ನನ್ನು ಔಷಧ ಕೇಳುತ್ತಾರೆ. ಮೊದಲು ಆ ಮನುಷ್ಯ ಏನು ಬೇಕಾಗಿ ಈ ಮೇಜಿನ ಮೇಲೆ ಮಲಗುತ್ತಿದ್ದಾನೆ ಎಂದು ಕೇಳಿ ಎನ್ನುತ್ತೇನೆ. ನಾನು ಖಾಸಿಂಸಾಬರ ಅಂಜಿಕೆಯನ್ನು ಕೇಳಿಸಿಕೊಂಡೆ. ಅವರ ಗಾಡಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಿವೃತ್ತಿಗೆ ಸ್ವಲ್ಪ ಮೊದಲು ಒಂದು ಮದುವೆಗೆ ಕಮಲಾಪುರಕ್ಕೆ ಹೋಗಲೇಬೇಕಾಯಿತು. ಮಧ್ಯಾಹ್ನ ತಿರುಗಿ ಬರಲು ನಿಲ್ದಾಣದಲ್ಲಿ ನಿಂತಿದ್ದೆ. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಖಾಸಿಂಸಾಬ್ ದೂರದಿಂದಲೇ ಗುರುತು ಹಿಡಿದು ಬಂದರು. "ಬಾಯಾರ! ಬರ್ರಿ, ನೆರಳಿಗೆ ಬರ್ರಿ" ಎಂದು ಕರೆದು, ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ತರುಣ ಕಂಡಕ್ಟರನನ್ನು ಕೈ ಹಿಡಿದು ಎಬ್ಬಿಸಿಕೊಂಡು ಬಂದರು.

"ಇಂವ ಮಲ್ಲಪ್ಪ ಅಂತ. ಇವನದೂ ನಂದೇ ಬ್ಯಾನಿ ನೋಡ್ರಿ. ಎದಿ ಓಡ್ತದ. ದವಾಖಾನಿಗಿ ಹೋಗು ಅಂದ್ರ ಅಂಜಿ ಸಾಯ್ತಾನ." ಅವನ ಬೆನ್ನು ತಟ್ಟಿದರು. "ಏ ಮಲ್ಲ್ಯಾ, ಇವರೇ ನಾ ಹೇಳ್ತಿದ್ದ ಬಾಯಾರು. ಇವರ ಕೈಯಾಗ ಮಲಗಿದಿ ಅಂದ್ರ ಏನೂ ಗೊತ್ತಾಗಂಗಿಲ್ಲ. ನಂಗೇನ ಗೊತ್ತಾತೇನು? ಏನೂ ಇಲ್ಲ!"

ಆ ಹುಡುಗ ನನ್ನ ಮುಖ ನೋಡಿದ. ನಾನು ಹೌದು ಎನ್ನಲಿ ಎಂದು ಕಾಯುತ್ತಿದ್ದ. ಇಷ್ಟು ವರ್ಷ ತಪ್ಪಿಸಿಕೊಂಡು ತಿರುಗಿದ್ದೆ. ಇನ್ನು ಆಗಲಿಲ್ಲ.

"ಗೊತ್ತಾಗ್ತದಪ್ಪಾ" ಎಂದೆ. "ಎದಿ ಓಡೋದು ಗೊತ್ತಾಗ್ತದ, ಸುಡೋದೂ ಒಂದೀಟು ಗೊತ್ತಾಗ್ತದ. ಪೂರಾ ಮಲಗಿಸಿದ್ರ ಒಮ್ಮೊಮ್ಮೆ ಬ್ಯಾನೀನೂ ಮಲಗಿ ಬಿಡ್ತದ, ಡಾಕ್ಟ್ರಿಗಿ ಸಿಗಂಗಿಲ್ಲ. ಅದಕ್ಕ ಎಚ್ಚರ ಇರಬೇಕು. ನಾ ಬಾಜೂಕ ಇರ್ತೀನಿ."

ಮಲ್ಲಪ್ಪ ನಿಧಾನವಾಗಿ ತಲೆಯಾಡಿಸಿದ. ಖಾಸಿಂಸಾಬರ ಕೈ ಅವನ ಬೆನ್ನ ಮೇಲೆಯೇ ನಿಂತಿತ್ತು. ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಬದಲಾದವು.

"ನಂಗ ಯಾಕ ಹಂಗ ಹೇಳ್ಲಿಲ್ರಿ ಬಾಯಾರ?"

"ನೀವು ಅಂಜಿದ್ರಿ ಖಾಸಿಂಸಾಬ್ರೆ. ತಡಕೊಳ್ಳಲ್ಲ ಅಂದ್ಕೊಂಡಿನಿ."

"ಅಂಜಿದ್ದೆ ಖರೇ." ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು. "ಹೇಳಿದ್ರ ತಡಕೊಳ್ತಿದ್ದೆರಿ. ಗಾಡಿಗಾಗಿ ತಡಕೊಳ್ತಿದ್ದೆ."

"ಈಗರ ಬರ್ರಿ. ರಾವ್ ಡಾಕ್ಟರು ಇನ್ನೂ ಬರ್ತಾರ. ನಾನೇ ಕೂಡ್ತೀನಿ."

"ಈಗ ಯಾವ ಗಾಡಿಗಾಗಿ ಮಾಡಸ್ಕೊಳ್ಳೋದ್ರಿ" ಎಂದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಸಹಿಸುತ್ತಿದ್ದೆ.

ಬೀದರ್ ಕಡೆಯಿಂದ ಕಲಬುರಗಿಯ ಗಾಡಿ ಬಂತು. ಅವರು ಓಡಿಹೋಗಿ ಹಿಂದೆ ನಿಂತು ಸೀಟಿ ಊದಿ, ಕೈ ಆಡಿಸಿ, ಅದನ್ನು ತನ್ನ ಜಾಗಕ್ಕೆ ನಿಲ್ಲಿಸಿದರು. ಜನರನ್ನು ಸರಿಸಿ, "ಏ, ಬಾಯಾರಿಗಿ ಮುಂದಿನ ಸೀಟು ಕೊಡ್ರೆಪ್ಪಾ" ಎಂದು ನನ್ನನ್ನು ಹತ್ತಿಸಿದರು. ಎಂದಿನಂತೆ ಹೊಗಳುವ ಮಾತು ಒಂದೂ ಬರಲಿಲ್ಲ. ಎರಡು ಸಲ ಸೀಟಿ ಊದಿ ಗಾಡಿಯ ತಗಡನ್ನು ಅಂಗೈಯಿಂದ ತಟ್ಟಿದರು. ಗಾಡಿ ಹೊರಟಿತು. ಕಲಬುರಗಿ ಬರುವವರೆಗೂ ನಾನು ಸ್ಟೇರಿಂಗಿನ ಮೇಲಿದ್ದ ಡ್ರೈವರನ ಕೈಗಳನ್ನೇ ನೋಡುತ್ತ ಕುಳಿತಿದ್ದೆ.